ನೀವು ಕೇಳಿದ್ರಿ: ಮಾತು ಕಮ್ಮಿ ಇರೋ ಮಗೂಗೆ ಅರ್ಥ ಎಷ್ಟಾಗತ್ತೆ?

ಹೋದ ತಿಂಗಳು ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರೋ, ಮಾತು ಕಲಿಕೆ ನಿಧಾನ ಆಗೋ ಸ್ಥಿತಿ) ಇರೋ ಒಂದು ಪಾಪು ಬಗ್ಗೆ ನಾಲ್ಕೇ ಸಾಲು ಉತ್ತರ ಬರೆದಿದ್ದೆ. ಅದಾದ್ಮೇಲೆ ಬಂದ ಪತ್ರ, ವಾಟ್ಸಾಪ್ ಮೆಸೇಜು ನೋಡಿದ್ರೆ ನಾಲ್ಕು ಸಾಲಿಗೆ ಮುಗಿಯೋ ವಿಷ್ಯ ಅಲ್ಲ ಇದು ಅಂತ ಗೊತ್ತಾಯ್ತು. ಅದಕ್ಕೇ ಈ ಸಲ ಅಂಕಣ ಪೂರ್ತಿ ಆ ಮಕ್ಕಳ ಮಾತು, ತಿಳುವಳಿಕೆ ಇದಕ್ಕೇ ಇಟ್ಕೊಂಡಿದೀನಿ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನನ್ನ ಮಗನಿಗೆ ನಾಲ್ಕೂವರೆ ವರ್ಷ, ಡೌನ್ ಸಿಂಡ್ರೋಮ್ ಇದೆ. ಚಪ್ಪಲಿ ತಗೊಂಡ್ ಬಾ, ಲೈಟ್ ಆಫ್ ಮಾಡು, ಅಜ್ಜಿ ಎಲ್ಲಿ ನೋಡು ಅಂದ್ರೆ ಎಲ್ಲಾ ಮಾಡ್ತಾನೆ. ಮಾತು ಮಾತ್ರ ಒಂದು ಇಪ್ಪತ್ತೈದು ಪದ ಇರಬಹುದು, ಅದೂ ನಮಗಷ್ಟೇ ಅರ್ಥ ಆಗೋದು. ಥೆರಪಿಸ್ಟು ಕೈಸನ್ನೆ ಕಲಿಸಿ ಅಂದ್ರು. ನಮ್ಮತ್ತೆ, ಸನ್ನೆ ಕಲಿಸಿದ್ರೆ ಆಮೇಲೆ ಬಾಯೇ ಬಿಡಲ್ಲ ಅಂತಾರೆ. ಯಾರ ಮಾತು ಕೇಳ್ಲಿ? – ಒಬ್ಬ ತಾಯಿ, ದಾವಣಗೆರೆ

ಉತ್ತರ: ನೀವು ಬರೆದಿರೋದು ನೋಡಿದ್ರೆ ಈ ಮಕ್ಕಳಲ್ಲಿ ತುಂಬಾ ಸಾಮಾನ್ಯವಾಗಿ ಕಾಣೋ ಚಿತ್ರಾನೇ ಇದು. ಅರ್ಥ ಆಗೋದು ಮುಂದೆ, ಹೇಳೋದು ಹಿಂದೆ. ಪದಗಳು ನಿಧಾನಕ್ಕೆ ಸೇರ್ತಾ ಹೋಗತ್ತೆ, ಆದ್ರೆ ಪದಕ್ಕೆ ಪದ ಪೋಣಿಸಿ ವಾಕ್ಯ ಮಾಡೋದು ಇನ್ನೂ ನಿಧಾನ. ಇದು ನಿಮ್ಮಿಂದ ಆದ ತಪ್ಪಲ್ಲ, ಫೋನ್ ಕೊಟ್ಟಿದ್ದಕ್ಕೆ ಆಯ್ತು, ಗರ್ಭಿಣಿ ಇದ್ದಾಗ ಏನೋ ತಿಂದಿದ್ದಕ್ಕೆ ಆಯ್ತು ಅಂತ ಯಾರಾದ್ರೂ ಅಂದ್ರೆ ಆ ಮಾತು ಅಲ್ಲೇ ಬಿಟ್ಟುಬಿಡಿ. 21ನೇ ಕ್ರೋಮೋಸೋಮು ಎರಡು ಇರೋ ಕಡೆ ಮೂರು ಇರೋದು ಇದಕ್ಕೆ ಕಾರಣ ಅಂತ 1959ರಲ್ಲೇ ಪ್ಯಾರಿಸ್‌ನ ಡಾಕ್ಟರುಗಳು ತೋರಿಸಿಯಾಗಿದೆ.

ಮಾತು ಯಾಕೆ ಹಿಂದೆ ಬೀಳತ್ತೆ ಅಂದ್ರೆ ಮೂರ್ನಾಲ್ಕು ಕಾರಣ ಒಟ್ಟಿಗೆ ಸೇರ್ಕೊಂಡಿರತ್ತೆ. ಬಾಯಿ, ತುಟಿ, ನಾಲಿಗೆ ಸ್ನಾಯು ಸ್ವಲ್ಪ ಸಡಿಲ, ಬಾಯೊಳಗಿನ ಜಾಗಾನೂ ಚಿಕ್ಕದು, ಹಂಗಾಗಿ ಉಚ್ಚಾರ ಕಷ್ಟ. ಇನ್ನೊಂದು, ಕೇಳಿದ್ದನ್ನ ಒಂದೆರಡು ಸೆಕೆಂಡು ತಲೇಲಿ ಹಿಡಿದಿಟ್ಕೊಳ್ತೀವಲ್ಲ, ಫೋನ್ ನಂಬರ್ ಹೇಳಿದ್ರೆ ಬರ್ಕೊಳ್ಳೋ ತನಕ ಬಾಯಲ್ಲೇ ಗೊಣಗ್ತೀವಲ್ಲ, ಆ ನೆನಪು ಈ ಮಕ್ಕಳಿಗೆ ಕಮ್ಮಿ. ಆದ್ರೆ ಕಣ್ಣಲ್ಲಿ ನೋಡಿದ್ದು ಅದಕ್ಕಿಂತ ಚೆನ್ನಾಗಿ ನಿಲ್ಲತ್ತೆ. ಮತ್ತೆ ಕಿವಿ. ಕಿವಿ ವಿಷ್ಯ ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ಇವರ ಕಿವಿ ನಾಳ ಸಣ್ಣದು, ತಮಟೆ ಹಿಂದೆ ದ್ರವ ತುಂಬ್ಕೊಂಡು ನಿಂತುಬಿಡತ್ತೆ, ನೋವೂ ಇರಲ್ಲ ಹಂಗಾಗಿ ಯಾರಿಗೂ ಗೊತ್ತಾಗಲ್ಲ. ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಒಂದಲ್ಲ ಒಂದು ಹಂತದಲ್ಲಿ ಕೇಳಿಸೋದು ಕಮ್ಮಿ ಆಗಿರತ್ತೆ. ಕರೆದ್ರೆ ತಿರುಗ್ತಾನಲ್ಲ, ಕಿವಿ ಚೆನ್ನಾಗಿದೆ ಅಂತ ಸುಮ್ನಾಗಬೇಡಿ, ಕರೆಯೋದು ಕೇಳ್ಸತ್ತೆ, ಪದದ ಕೊನೆ ಕೇಳ್ಸಲ್ಲ. ನಮ್ಮ ಕನ್ನಡದಲ್ಲಿ ವ್ಯಾಕರಣ ಪೂರ್ತಿ ಕೂತಿರೋದೇ ಪದದ ಕೊನೇಲಿ ಅಲ್ವಾ, ಮನೆಗೆ, ಮನೇಲಿ, ಮನೆಯಿಂದ, ಬಂದ, ಬಂದ್ಲು, ಬಂದ್ರು, ಎಲ್ಲಾ ಬೇರೆ ಆಗೋದು ಕೊನೇ ಚೂರಲ್ಲಿ. ಆ ಚೂರು ಮಂಕಾಗಿ ಕೇಳಿಸ್ತಾ ಇದ್ರೆ ಮಗು ‘ಅಪ್ಪ ಆಫೀಸ್ ಹೋಗು’ ಅಂತಲೇ ಹೇಳ್ತಿರತ್ತೆ. ಹಂಗಾಗಿ ಮೊದ್ಲು ಒಂದು ಹಿಯರಿಂಗ್ ಟೆಸ್ಟು, ಆಮೇಲೆ ವರ್ಷಕ್ಕೊಂದ್ಸಲ ತಪ್ಪದೇ. ಜೊತೆಗೆ ಥೈರಾಯ್ಡ್ ಮತ್ತೆ ಕಣ್ಣು.

ಸನ್ನೆ ಬಗ್ಗೆ. ನಿಮ್ಮತ್ತೆಯವರಿಗೆ ಒಂದು ಮಾತು ಕೇಳಿ, ಎಲ್ಲಾ ಪಾಪುಗಳೂ ಮೊದ್ಲು ಕೈಯಲ್ಲೇ ಟಾಟಾ ಮಾಡೋದು ಕಲಿಯತ್ತೆ, ಹಂಗಂತ ಯಾವ ಮಗುವಾದ್ರೂ ದೊಡ್ಡದಾದ್ಮೇಲೆ ಟಾಟಾ ಅನ್ನೋ ಪದ ಹೇಳದೇ ಉಳಿದಿದ್ಯಾ? ಇದೂ ಅಷ್ಟೇ. ಊಟ, ನೀರು, ಸಾಕು, ಇನ್ನೂ ಬೇಕು, ನೋವು, ಬಾ, ಇಷ್ಟಕ್ಕೆ ಒಂದೊಂದು ಸನ್ನೆ ಇಟ್ಕೊಳ್ಳಿ, ಸನ್ನೆ ಮಾಡೋವಾಗೆಲ್ಲ ಪದಾನೂ ಬಾಯಲ್ಲಿ ಹೇಳಿ, ಮನೇಲಿ ಎಲ್ರೂ ಒಂದೇ ಥರ ಮಾಡಿ. ಬಾಯಲ್ಲಿ ಪದ ಗಟ್ಟಿಯಾದ ಹಾಗೆ ಕೈ ತಾನಾಗೇ ಸುಮ್ನಾಗತ್ತೆ. ಸನ್ನೆಯಿಂದ ಮಾತು ನಿಂತಿದ್ದು ನಾನು ನೋಡಿಲ್ಲ. ಹೇಳೋಕೆ ದಾರಿ ಇಲ್ಲದೇ ತಲೆ ಚಚ್ಕೊಳ್ತಿದ್ದ ಮಗು ಸನ್ನೆ ಬಂದ್ಮೇಲೆ ಶಾಂತ ಆಗಿದ್ದನ್ನ ನೋಡಿದೀನಿ.

ಇನ್ನೊಂದು, ಇದು ಸ್ವಲ್ಪ ಬೇಜಾರಾಗಬಹುದು ಆದ್ರೂ ಹೇಳ್ಬೇಕು. ಹೇಳಿದ್ದೆಲ್ಲಾ ಮಾಡ್ತಾನೆ ಅಂತ ಬರೆದಿದೀರಲ್ಲ, ಒಂದ್ಸಲ ಹೀಗೆ ಮಾಡಿ ನೋಡಿ. ಹೊರಗೆ ಹೊರಡೋ ಟೈಮಲ್ಲಿ ಬಾಗಿಲ ಕಡೆ ನೋಡ್ತಾ ಚಪ್ಪಲಿ ತಗೊಂಡ್ ಬಾ ಅಂದ್ರೆ ಪದ ಒಂದೂ ಗೊತ್ತಿಲ್ಲದೇ ಇದ್ರೂ ತರ್ತಾನೆ, ಯಾಕಂದ್ರೆ ಸಂದರ್ಭ, ನಿಮ್ಮ ಕಣ್ಣು, ಕೈ ಎಲ್ಲಾ ಅದನ್ನೇ ಹೇಳ್ತಿದೆ. ಅದೇ ಮಧ್ಯಾಹ್ನ ಸುಮ್ನೆ ಕೂತಿರೋವಾಗ, ಎಲ್ಲೂ ನೋಡದೇ, ಕೈ ತೋರಿಸದೇ ‘ಚಪ್ಪಲೀನ ಅಜ್ಜಿ ಮಂಚದ ಕೆಳಗೆ ಇಡು’ ಅನ್ನಿ. ಮಾಡಿದ್ರೆ ಪದಗಳೇ ಅರ್ಥ ಆಗಿವೆ. ಮಾಡದಿದ್ರೆ ಗಾಬರಿ ಬೇಡ, ಸಂದರ್ಭ ಓದೋದ್ರಲ್ಲಿ ಅವನು ಜಾಣ, ಆದ್ರೆ ವಾಕ್ಯ ಇನ್ನೂ ಕಲಿಸ್ಬೇಕು ಅಂತ ಗೊತ್ತಾಯ್ತು.

ಕಲಿಸೋದು ಹೆಂಗೆ ಅಂದ್ರೆ, ಅವನು ಏನು ನೋಡ್ತಿದಾನೋ ಅದಕ್ಕೇ ಮಾತು ಹಚ್ಚಿ. ಅವನು ಇರುವೆ ನೋಡ್ತಿದ್ರೆ ‘ಇಲ್ಲಿ ಬಾ, ಬುಕ್ ನೋಡು, ಇದೇನು’ ಅಂತ ಎಳೀಬೇಡಿ, ‘ಇರುವೆ, ಇರುವೆ ಹೋಗ್ತಿದೆ’ ಅನ್ನಿ. ಅಮ್ಮಂದಿರು ಮಗು ನೋಡ್ತಿರೋದನ್ನೇ ಹಿಡ್ಕೊಂಡು ಮಾತಾಡಿದ್ರೆ ಈ ಮಕ್ಕಳ ಪದಗಳು ಚೆನ್ನಾಗಿ ಬೆಳೆಯತ್ತೆ ಅಂತ ಅಧ್ಯಯನಗಳೂ ಹೇಳತ್ತೆ. ಅವನು ‘ನೀರು’ ಅಂದ್ರೆ ನೀವು ‘ನೀರು ಬೇಕು’, ಅವನು ‘ನೀರು ಬೇಕು’ ಅಂದ್ರೆ ನೀವು ‘ತಣ್ಣೀರು ಬೇಕು’, ಒಂದೇ ಒಂದು ಪದ ಜಾಸ್ತಿ, ಅಷ್ಟೇ. ಕೇಳಿದ್ಮೇಲೆ ಮನಸ್ಸಲ್ಲೇ ಹತ್ತರ ತನಕ ಎಣಿಸಿ ಕಾಯಿರಿ. ಎಷ್ಟೋ ಮನೇಲಿ ಮಗು ಉತ್ತರ ಕೊಡೋಕೆ ಬಾಯಿ ತೆಗಿಯೋ ಹೊತ್ತಿಗೆ ಅಜ್ಜಿ ಉತ್ತರ ಹೇಳಿ ಮುಗಿಸಿರ್ತಾರೆ, ಪ್ರೀತಿಯಿಂದಲೇ.

ಪ್ರಶ್ನೆ: ಐದು ವರ್ಷದ ಮಗಳು. ಸರಿಯಾಗಿ ಮಾತೇ ಬರದವಳಿಗೆ ಓದೋದು ಕಲಿಸಿ ಅಂತ ಥೆರಪಿಸ್ಟ್ ಹೇಳ್ತಾರೆ. ಮೊದ್ಲು ಮಾತು, ಆಮೇಲೆ ತಾನೇ ಓದು? – ಒಬ್ಬ ತಂದೆ, ಕುಂದಾಪುರ

ಉತ್ತರ: ಬೇರೆ ಮಕ್ಕಳಿಗೆ ಹಾಗೆ. ಇವರಿಗೆ ಎಷ್ಟೋ ಸಲ ಉಲ್ಟಾ ನಡೆಯತ್ತೆ. 1980ರ ಆಸುಪಾಸಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಊರಿನ ಸೂ ಬಕ್ಲಿ ಅನ್ನೋ ಮನಃಶಾಸ್ತ್ರಜ್ಞೆಗೆ ಒಬ್ಬ ಅಪ್ಪನ ಪತ್ರ ಸಿಕ್ತು, ಡೌನ್ ಸಿಂಡ್ರೋಮ್ ಇರೋ ನನ್ನ ಮಗಳು ಚಿಕ್ಕ ವಯಸ್ಸಲ್ಲೇ ಕಾರ್ಡ್ ನೋಡಿ ಓದೋಕೆ ಶುರು ಮಾಡಿದ್ಲು, ಓದಿದ್ದರಿಂದಲೇ ಮಾತೂ ಬಂತು ಅಂತ. ಆಕೆ ಆ ಪತ್ರನ ಗಂಭೀರವಾಗಿ ತಗೊಂಡು ಮುಂದೆ ವರ್ಷಾನುಗಟ್ಟಲೆ ಇದರ ಮೇಲೇ ಕೆಲಸ ಮಾಡಿದ್ರು. ಒಬ್ಬ ಅಪ್ಪ ಬರೆದ ಪತ್ರದಿಂದ ಅಷ್ಟು ದೊಡ್ಡ ಕೆಲಸ ಶುರುವಾಯ್ತು ಅನ್ನೋದು ನನಗೆ ಯಾವಾಗ್ಲೂ ಖುಷಿ ಕೊಡೋ ವಿಷ್ಯ.

ಯಾಕೆ ಕೆಲಸ ಮಾಡತ್ತೆ ಅಂದ್ರೆ, ಮೇಲೆ ಹೇಳಿದ್ನಲ್ಲ, ಬಾಯಿ ಮಾತು ಕೇಳಿದ ಕೂಡ್ಲೆ ಗಾಳೀಲಿ ಹೋಗಿಬಿಡತ್ತೆ, ಬರೆದಿದ್ದು ಕಣ್ಣ ಮುಂದೆ ನಿಂತಿರತ್ತೆ. ಅ ಆ ಇ ಈ ಇಂದ ಶುರು ಮಾಡ್ಬೇಡಿ. ಅಮ್ಮ, ಅಪ್ಪ, ಅವಳ ಹೆಸರು, ಹಾಲು, ಬೆಕ್ಕು, ಅವಳಿಗೆ ಪ್ರೀತಿ ಇರೋ ಪದಗಳನ್ನ ರಟ್ಟಿನ ಮೇಲೆ ದೊಡ್ಡದಾಗಿ ಬರೀರಿ, ಫೋಟೋ ಜೊತೆ ಜೋಡಿಸೋ ಆಟ ಆಡ್ಸಿ. ಗುರುತು ಸಿಕ್ಕ ಮೇಲೆ ‘ಬೆಕ್ಕು ಹಾಲು ಕುಡೀತು’ ಅಂತ ಮೂರು ಕಾರ್ಡು ಸಾಲಾಗಿ ಇಡಿ. ಬಾಯಲ್ಲಿ ಬರದೇ ಇದ್ದ ‘ಕುಡೀತು’ ಕಾರ್ಡಿಂದ ಬರತ್ತೆ ನೋಡಿ. ಎಲ್ಲಾ ಮಕ್ಕಳೂ ಕಾದಂಬರಿ ಓದೋ ಮಟ್ಟಕ್ಕೆ ಬರ್ತಾರೆ ಅಂತ ಹೇಳ್ತಿಲ್ಲ, ಬಸ್ ಬೋರ್ಡು ಓದೋ ಅಷ್ಟು ಬಂದ್ರೂ ಅದು ಜೀವನ ಪೂರ್ತಿ ಕೈಲಿರತ್ತೆ.

ಪ್ರಶ್ನೆ: ನಮ್ಮ ಮೊಮ್ಮಗಳಿಗೆ ಏಳು ವರ್ಷರೀ. ಎಲ್ಲಾರೂ ಇವು ದೇವರ ಮಕ್ಕಳು, ಸದಾ ನಗ್ತಾವ ಅಂತಾರ. ಅಕಿ ನಗ್ತಾಳ ಖರೆ, ಆದ್ರ ಬರಿಯಾಕ ಕುಂದ್ರಸಿದ್ರ ಮುದ್ದ ಕೊಡ್ತಾಳ, ಚಪ್ಪಾಳಿ ಹೊಡೀತಾಳ, ನನ್ನ ಚಷ್ಮಾ ಕಸಗೊಂಡು ಹಾಕ್ಕೊಂಡು ಕುಣೀತಾಳ, ನಾವೆಲ್ಲಾ ನಕ್ಕು ಬರಿಯೂದ ಅಲ್ಲೇ ಉಳೀತದ. ರಸ್ತೆದಾಗ ಯಾರ ಸಿಕ್ಕರೂ ಹೋಗಿ ಅಪಗೊಂಡ ಬಿಡ್ತಾಳ. ಇದು ಬುದ್ಧಿ ಕಮ್ಮಿ ಇದ್ದಿದ್ದಕ್ಕೋ, ಹೆಚ್ಚಿದ್ದಿದ್ದಕ್ಕೋ? – ಒಬ್ಬ ಅಜ್ಜ, ಧಾರವಾಡ

ಉತ್ತರ: ಅಜ್ಜನವರೇ, ನಿಮ್ಮ ಪತ್ರ ಎರಡೆರಡು ಸಲ ಓದಿದೆ, ಇಷ್ಟು ಚೆನ್ನಾಗಿ ಗಮನಿಸಿದೀರಿ. ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ ಜೆನಿಫರ್ ವಿಶಾರ್ಟ್ ಅನ್ನೋ ಸಂಶೋಧಕಿ ನೀವು ಬರೆದಿದ್ದನ್ನೇ ಪ್ರಯೋಗ ಮಾಡಿ ನೋಡಿದ್ರು. ಮಾಡೋಕೇ ಆಗದ ಒಂದು ಕೆಲಸ ಕೊಟ್ಟಾಗ ಬೇರೆ ಮಕ್ಕಳು ಬೇಜಾರಾಗ್ತಾರೆ, ಸಹಾಯ ಕೇಳ್ತಾರೆ. ಡೌನ್ ಸಿಂಡ್ರೋಮ್ ಇರೋ ಮಕ್ಕಳು ಎದುರಿಗೆ ಕೂತಿರೋರ ಮುಖ ನೋಡಿ ನಗಿಸಿ, ಚಪ್ಪಾಳೆ ಹೊಡೆದು, ಏನೋ ಒಂದು ಆಟ ಹೂಡಿ ಕೆಲಸದಿಂದ ತಪ್ಪಿಸ್ಕೊಳ್ಳೋದು ಜಾಸ್ತಿ. ಇದು ಬುದ್ಧಿ ಕಮ್ಮಿ ಅಲ್ಲ. ಎದುರಿಗಿರೋರನ್ನ ಯಾವುದು ಕರಗಿಸತ್ತೆ ಅಂತ ಅವಳಿಗೆ ಪಕ್ಕಾ ಗೊತ್ತಿದೆ. ಆದ್ರೆ ಪ್ರತೀ ಸಲ ಅದು ಗೆದ್ದುಬಿಟ್ರೆ ಕಷ್ಟ ಆಗಿದ್ದನ್ನ ಕಲಿಯೋ ಅವಕಾಶ ಅವಳಿಗೆ ಸಿಗೋದೇ ಇಲ್ಲ. ಅವಳು ಕುಣಿಯೋಕೆ ಶುರು ಮಾಡಿದ ಕ್ಷಣ ‘ಇದು ಕಷ್ಟ ಆಯ್ತು’ ಅಂತ ಹೇಳ್ತಿದಾಳೆ ಅಂತ ತಿಳ್ಕೊಳ್ಳಿ. ಗದರಬೇಡಿ, ನಗಲೂಬೇಡಿ, ಕೆಲಸ ಅರ್ಧ ಮಾಡಿ ಕೊಡಿ. ಹತ್ತು ಅಕ್ಷರ ಇದ್ರೆ ಎರಡು ಸಾಕು, ಎರಡು ಮುಗಿದ ಮೇಲೆ ಚಷ್ಮಾ ಕೊಟ್ಟು ಮನೆಯೆಲ್ಲಾ ಸೇರಿ ಕುಣೀರಿ. ಕಷ್ಟ ಅಂತ ಹೇಳೋಕೆ ಒಂದು ಪದಾನೋ ಸನ್ನೆನೋ ಕಲಿಸಿ, ‘ಸಹಾಯ ಮಾಡು’ ಅಂತ. ಈ ಮಕ್ಕಳು ಮುಖ ನೋಡ್ತಾರೆ, ನಗ್ತಾರೆ, ಜನ ಅಂದ್ರೆ ಇಷ್ಟ, ಆದ್ರೆ ಬೇಕಾಗಿದ್ದನ್ನ ಕೈ ಮಾಡಿ ಕೇಳೋದು ಮಾತ್ರ ಚಿಕ್ಕಂದಿನಿಂದಲೂ ಕಮ್ಮಿ, ಅದನ್ನ ನಾವು ಕಲಿಸ್ಬೇಕು.

ಸದಾ ನಗ್ತಾರೆ ಅನ್ನೋ ಮಾತು ನನಗೆ ಹಿಡಿಸಲ್ಲ. ಇವರಿಗೂ ಸಿಟ್ಟು, ಹೊಟ್ಟೆಕಿಚ್ಚು, ಅವಮಾನ, ದುಃಖ ಎಲ್ಲಾ ಇದೆ. ದೇವರ ಮಕ್ಕಳು ಅಂದುಬಿಟ್ರೆ ಅವಳ ಅಳುಗೆ ಕಾರಣ ಯಾರು ಹುಡುಕ್ತಾರೆ?

ರಸ್ತೇಲಿ ಸಿಕ್ಕೋರನ್ನ ಅಪ್ಕೊಳ್ಳೋದು ಈಗ್ಲೇ ಬದಲಾಯಿಸಿ. ಏಳು ವರ್ಷಕ್ಕೆ ಮುದ್ದಾಗಿ ಕಾಣೋದು ಹದಿನೇಳಕ್ಕೆ ಅಪಾಯ. ಬೇರೆಯವರ ಮುಖದ ಖುಷಿ ಇವರಿಗೆ ಬೇಗ ಗೊತ್ತಾಗತ್ತೆ, ಭಯ ಥರದ ಭಾವನೆಗಳನ್ನ ಗುರುತು ಹಿಡಿಯೋದು ಎಷ್ಟೋ ಮಕ್ಕಳಿಗೆ ಕಷ್ಟ ಅಂತ ಪರೀಕ್ಷೆಗಳಲ್ಲಿ ಕಂಡಿದೆ. ಎದುರಿನವರು ಹಿಂಜರಿದದ್ದು ಅವಳಿಗೆ ಕಾಣದೇ ಇರಬಹುದು. ಮುಟ್ಟಬೇಡ ಅಂತ ಬರೀ ಬೇಡ ಹೇಳಿದ್ರೆ ಆಗಲ್ಲ, ಬದಲಿಗೆ ಮಾಡೋಕೆ ಏನಾದ್ರೂ ಕೊಡಬೇಕು. ನಮ್ಮಲ್ಲಿ ನಮಸ್ಕಾರ ಇದೆಯಲ್ಲ, ಅದಕ್ಕಿಂತ ಒಳ್ಳೇದು ಇನ್ನೇನು ಬೇಕು. ಮನೆಯವರ ಫೋಟೋ ಒಂದು ಹಾಳೇಲಿ ಅಂಟಿಸಿ, ಇವರಿಗೆ ಅಪ್ಪಿಕೋಬಹುದು. ಬೇರೆ ಎಲ್ರಿಗೂ ಕೈ ಮುಗಿಯೋದು. ಮತ್ತೆ ಅವಳಿಗೆ ಬೇಡ ಅನ್ನಿಸಿದಾಗ ಬೇಡ ಅನ್ನೋ ಹಕ್ಕು ಮನೇಲೇ ಸಿಗಲಿ, ನೆಂಟರು ಬಂದಾಗ ‘ಮಾಮಾಗೆ ಮುತ್ತು ಕೊಡು’ ಅಂತ ಒತ್ತಾಯ ಮಾಡೋದು ಇವತ್ತಿಂದಲೇ ನಿಲ್ಲಿಸಿ.

ಪ್ರಶ್ನೆ: ನಾನು ಪ್ರೈಮರಿ ಸ್ಕೂಲ್ ಟೀಚರ್. ನಮ್ಮ ಕ್ಲಾಸಲ್ಲಿ ಡೌನ್ ಸಿಂಡ್ರೋಮ್ ಇರೋ ಒಂಬತ್ತು ವರ್ಷದ ಹುಡುಗ ಇದಾನೆ. ಯಾರಾದ್ರೂ ಅತ್ರೆ ಮೊದ್ಲು ಹೋಗಿ ಕಣ್ಣು ಒರೆಸೋದು ಅವನೇ. ಆದ್ರೆ ಕಣ್ಣಾಮುಚ್ಚಾಲೆ ಆಡಿದ್ರೆ ಬಚ್ಚಿಟ್ಕೊಂಡು ಅಲ್ಲಿಂದಲೇ ‘ಇಲ್ಲಿದೀನಿ’ ಅಂತ ಕೂಗ್ತಾನೆ. ಅವತ್ತು ಹುಡುಗರು ತಮಾಷೆಗೆ ‘ಮೇಡಂ ನಿನ್ ಟಿಫಿನ್ ಎಸೆದ್ರು’ ಅಂದಿದ್ದಕ್ಕೆ ನಂಬಿ ಮಧ್ಯಾಹ್ನ ಪೂರ್ತಿ ನನ್ನ ಹತ್ರ ಬರಲಿಲ್ಲ. ಬೇರೆಯವರ ಮನಸ್ಸು ಅವನಿಗೆ ಅರ್ಥ ಆಗತ್ತೋ ಇಲ್ವೋ? – ಒಬ್ಬ ಶಿಕ್ಷಕಿ, ಕೋಲಾರ ಜಿಲ್ಲೆ

ಉತ್ತರ: ಮೇಡಂ, ನೀವು ಕೇಳಿರೋದು ಈ ಕ್ಷೇತ್ರದಲ್ಲಿ ನಲವತ್ತು ವರ್ಷದಿಂದ ಚರ್ಚೆ ಆಗ್ತಿರೋ ಪ್ರಶ್ನೆ. ಬೇರೆಯವರ ಭಾವನೆ ತಿಳಿಯೋದು ಒಂದು, ಬೇರೆಯವರ ತಲೇಲಿ ಏನಿದೆ ಅಂತ ತಿಳಿಯೋದು ಇನ್ನೊಂದು. ಅಳು ಕಣ್ಣಿಗೆ ಕಾಣತ್ತೆ. ಹುಡುಗರ ತಲೇಲಿರೋ ತಮಾಷೆ ಕಾಣಲ್ಲ.

1985ರಲ್ಲಿ ಲಂಡನ್‌ನಲ್ಲಿ ಬ್ಯಾರನ್ ಕೋಹೆನ್, ಲೆಸ್ಲಿ, ಫ್ರಿತ್ ಅಂತ ಮೂವರು ಸಂಶೋಧಕರು ಒಂದು ಗೊಂಬೆ ಆಟ ಆಡಿಸಿದ್ರು. ಸ್ಯಾಲಿ, ಆನ್ ಅಂತ ಎರಡು ಗೊಂಬೆ. ಸ್ಯಾಲಿ ಗೋಲಿನ ಬುಟ್ಟೀಲಿಟ್ಟು ಹೊರಗೆ ಹೋಗ್ತಾಳೆ, ಆನ್ ಅದನ್ನ ತೆಗೆದು ಡಬ್ಬೀಲಿ ಇಡ್ತಾಳೆ. ಸ್ಯಾಲಿ ವಾಪಸ್ ಬಂದು ಗೋಲಿ ಎಲ್ಲಿ ಹುಡುಕ್ತಾಳೆ? ಗೋಲಿ ನಿಜವಾಗಿ ಇರೋದು ಡಬ್ಬೀಲಿ, ಆದ್ರೆ ಸ್ಯಾಲಿಗೆ ಅದು ಗೊತ್ತಿಲ್ಲ, ಹಂಗಾಗಿ ಬುಟ್ಟೀಲಿ ಅನ್ನಬೇಕು. ಆಟಿಸಂ (ಜನರ ಜೊತೆ ಬೆರೆಯೋದು, ಅವರನ್ನ ಅರ್ಥ ಮಾಡ್ಕೊಳ್ಳೋದು ಕಷ್ಟ ಆಗೋ ಸ್ಥಿತಿ) ಇರೋ 20 ಮಕ್ಕಳಲ್ಲಿ 4 ಮಕ್ಕಳು ಸರಿ ಹೇಳಿದ್ರು. ಡೌನ್ ಸಿಂಡ್ರೋಮ್ ಇರೋ 14 ಮಕ್ಕಳಲ್ಲಿ 12 ಮಕ್ಕಳು ಸರಿ ಹೇಳಿದ್ರು, ಹೆಚ್ಚುಕಮ್ಮಿ ಬೇರೆ ಮಕ್ಕಳಷ್ಟೇ. ಆ ಅಧ್ಯಯನ ನಡೆದಿದ್ದು ಆಟಿಸಂಗೋಸ್ಕರ, ಡೌನ್ ಸಿಂಡ್ರೋಮ್ ಮಕ್ಕಳನ್ನ ಹೋಲಿಕೆಗೆ ಅಂತ ಸೇರಿಸಿದ್ದು. ಆದ್ರೆ ಅದಾದ್ಮೇಲೆ ಬಹಳ ವರ್ಷ ಇವರಿಗೆ ಜನರನ್ನ ಅರ್ಥ ಮಾಡ್ಕೊಳ್ಳೋದ್ರಲ್ಲಿ ಏನೂ ತೊಂದ್ರೆ ಇಲ್ಲ ಅನ್ನೋ ಭಾವನೆ ಉಳ್ಕೊಂಡುಬಿಡ್ತು. 1990ರ ದಶಕದಲ್ಲಿ ಇವರನ್ನೇ ಮುಖ್ಯವಾಗಿಟ್ಟು ನೋಡಿದಾಗ ಅಷ್ಟು ಸುಲಭ ಅಲ್ಲ ಅಂತ ಗೊತ್ತಾಯ್ತು, ತಮ್ಮದೇ ಬೌದ್ಧಿಕ ಮಟ್ಟದ ಚಿಕ್ಕ ಮಕ್ಕಳ ಜೊತೆ ಹೋಲಿಸಿದ್ರೂ ಇಂಥ ಪರೀಕ್ಷೇಲಿ ಹಲವರು ಹಿಂದೆ ಬಿದ್ರು. ಆಟಿಸಂ ಥರದ ತೊಂದ್ರೆ ಅಲ್ಲ ಅದು, ಜನರ ಬಗ್ಗೆ ಆಸಕ್ತಿ ಇದೆ, ಪ್ರೀತಿ ಇದೆ. ಕೆಲವು ಮಕ್ಕಳಿಗೆ ಡೌನ್ ಸಿಂಡ್ರೋಮ್ ಜೊತೆ ಆಟಿಸಮ್ಮೂ ಇರತ್ತೆ, ಕಣ್ಣಿಗೆ ಕಣ್ಣು ಕೊಡದೇ, ಜನರಿಂದ ದೂರ ಇರೋ ಮಗು ಇದ್ರೆ ‘ಡೌನ್ಸ್ ಅಲ್ವಾ ಹಂಗೇ’ ಅನ್ನದೇ ಬೇರೆಯಾಗಿ ತೋರಿಸ್ಬೇಕು. ನಿಮ್ಮ ಹುಡುಗ ಹಾಗೆ ಕಾಣಲ್ಲ.

ಹಂಗಿದ್ರೆ ಎಲ್ಲಿ ಸಿಕ್ಕಿಹಾಕ್ಕೊಳ್ತಾನೆ? ನನ್ನ ಅಂದಾಜು, ದೊಡ್ಡ ಪಾಲು ಭಾಷೇಲೇ. ಇಂಥ ವಿಷ್ಯ ಕನ್ನಡದಲ್ಲಿ ಹೇಳ್ಬೇಕಾದ್ರೆ ನಮಗೊಂದು ಚಿಕ್ಕ ಪದ ಬೇಕೇ ಬೇಕು, ‘ಅಂತ’. ‘ಗೋಲಿ ಬುಟ್ಟೀಲಿದೆ ಅಂತ ಅಂದ್ಕೊಂಡಿದಾಳೆ.’ ಈ ಒಂದು ವಾಕ್ಯದೊಳಗೆ ಎರಡು ವಾಕ್ಯ ಇದೆ, ಒಳಗಿನದು ಸುಳ್ಳು, ಹೊರಗಿನದು ನಿಜ. ಗೋಲಿ ಬುಟ್ಟೀಲಿಲ್ಲ, ಆದ್ರೆ ಅವಳು ಅಂದ್ಕೊಂಡಿರೋದು ನಿಜ. ಒಂದರೊಳಗೊಂದು ವಾಕ್ಯ ತಲೇಲಿ ಹಿಡ್ಕೊಳ್ಳೋದು, ಕೇಳಿದ್ದು ನಿಲ್ಲದ ಮಗೂಗೆ ಎಷ್ಟು ಭಾರ ಯೋಚನೆ ಮಾಡಿ. ನಿಮ್ಮ ಟಿಫಿನ್ ಕಥೇಲೂ ಅದೇ ಆಗಿದ್ದು. ‘ಮೇಡಂ ಎಸೆದ್ರು’ ಅನ್ನೋದು ಅವನಿಗೆ ನಿಂತ್ಕೊಂಡ್ತು, ‘ಅಂತ ಹುಡುಗರು ಹೇಳಿದ್ರು’ ಅನ್ನೋದು ನಿಲ್ಲಲಿಲ್ಲ.

ನನಗೆ ಇದರಲ್ಲಿ ಧೈರ್ಯ ಕೊಡೋ ವಿಷ್ಯ ಏನಂದ್ರೆ, ಈ ‘ಅಂತ’ ನಮ್ಮ ಮನೆಗಳಲ್ಲಿ ಬೆಳಗಿಂದ ರಾತ್ರಿ ತನಕ ಓಡಾಡೋ ಪದ. ‘ಅಮ್ಮ ಬಾ ಅಂತ ಕರೆದ್ಲು’ ಅಂತೀವಿ, ‘ಮಳೆ ಬರಲ್ಲ ಅಂತ ಛತ್ರಿ ತರ್ಲಿಲ್ಲ’ ಅಂತೀವಿ, ‘ನಾನು ಡ್ರೈವರ್ ಅಂತೆ, ನೀನು ಕಂಡಕ್ಟರ್ ಅಂತೆ’ ಅಂತ ಮಕ್ಕಳು ಆಟ ಆಡ್ತಾರೆ. ಹೇಳಿದ್ದಕ್ಕೂ ಯೋಚನೆ ಮಾಡಿದ್ದಕ್ಕೂ ಅದೇ ಪದ, ಆಟಕ್ಕೆ ಅದರದ್ದೇ ಒಡಹುಟ್ಟು ‘ಅಂತೆ’. ಹೇಳಿದ್ದು ಕಿವಿಗೆ ಕೇಳ್ಸತ್ತೆ, ಹಂಗಾಗಿ ಅಲ್ಲಿಂದ ಶುರು ಮಾಡಿ. ‘ಹೋಗಿ ಆಯಾಗೆ ಮೇಡಂ ಕರೀತಿದಾರೆ ಅಂತ ಹೇಳು’ ಅಂತ ದಿನಾ ಒಂದು ಸಂದೇಶ ಕಳ್ಸಿ, ವಾಪಸ್ ಬಂದ್ಮೇಲೆ ‘ಆಯಾ ಏನಂತ ಹೇಳಿದ್ರು’ ಕೇಳಿ. ಆಮೇಲೆ ಆಟದ್ದು. ಕೊನೆಗೆ ಮನಸ್ಸಿಂದು, ಅದಕ್ಕೆ ಚಿತ್ರ ಬೇಕು. ಚಿತ್ರದಲ್ಲಿ ಹುಡುಗನ ತಲೆ ಮೇಲೆ ಮೋಡದ ಥರ ಒಂದು ಗುಳ್ಳೆ ಬರೆದು ಅದರೊಳಗೆ ಬುಟ್ಟಿ, ಬುಟ್ಟೀಲಿ ಗೋಲಿ. ತಲೇಲಿರೋದು ಕಣ್ಣಿಗೆ ಕಾಣಿಸಿಬಿಟ್ರೆ ಇವರಿಗೆ ಅರ್ಧ ಕೆಲಸ ಆದ ಹಾಗೆ.

ಮಾತಿಲ್ಲದ ಬರೀ ಚಿತ್ರದ ಕಥೆ ಪುಸ್ತಕ ಕೊಟ್ಟು ಕಥೆ ಹೇಳಿಸಿ ನೋಡಿ. ಅಮೆರಿಕಾದ ವಿಸ್ಕಾನ್ಸಿನ್‌ನಲ್ಲಿ ರಾಬಿನ್ ಚಾಪ್ಮನ್ ಅನ್ನೋ ಸಂಶೋಧಕಿ ಮತ್ತೆ ಅವರ ಜೊತೆಯವರು ಹೀಗೆ ಮಾಡಿದಾಗ, ಈ ಮಕ್ಕಳ ಕಥೇಲಿರೋ ವಿಷ್ಯ ಅವರ ವಾಕ್ಯಗಳ ಉದ್ದ ನೋಡಿ ನಾವು ಅಂದಾಜು ಮಾಡೋದಕ್ಕಿಂತ ಜಾಸ್ತಿ ಇತ್ತು. ಅಂದ್ರೆ ತುಂಡು ತುಂಡು ಮಾತಲ್ಲಿ ಪೂರ್ತಿ ಕಥೆ ಇರತ್ತೆ, ಕೇಳೋರಿಗೆ ತಾಳ್ಮೆ ಬೇಕು. ಕಣ್ಣಾಮುಚ್ಚಾಲೇಲಿ ಅವನ ಜೊತೆ ಇನ್ನೊಬ್ಬ ಹುಡುಗನ್ನ ಬಚ್ಚಿಟ್ಕೊಳ್ಳೋಕೆ ಕಳ್ಸಿ, ‘ಶ್, ನಾವು ಇಲ್ಲಿದೀವಿ ಅಂತ ಅವಳಿಗೆ ಗೊತ್ತಿಲ್ಲ’ ಅಂತ ಕಿವೀಲಿ ಹೇಳೋ ಜೊತೆಗಾರ. ದೊಡ್ಡವರು ಹತ್ತು ಸಲ ಹೇಳಿದ್ದಕ್ಕಿಂತ ಅದು ಬೇಗ ಇಳಿಯತ್ತೆ. ಟಿಫಿನ್ ವಿಷ್ಯ ಮಾತ್ರ ಆ ಹುಡುಗರನ್ನ ಕೂರಿಸಿ ಮಾತಾಡಿ ಮೇಡಂ. ಅವರಿಗೆ ತಮಾಷೆ, ಇವನು ಮಧ್ಯಾಹ್ನ ಪೂರ್ತಿ ಒಬ್ಬನೇ ಇದ್ದ.

ಪ್ರಶ್ನೆ: ನಾವು ಪುಣೆಯಲ್ಲಿರೋ ಕನ್ನಡದವರು. ಮಗಳಿಗೆ ಮೂರು ವರ್ಷ. ಪ್ಲೇ ಸ್ಕೂಲ್‌ನವರು ಇವಳಿಗೆ ಒಂದೇ ಭಾಷೆ ಸಾಕು, ಮನೇಲೂ ಇಂಗ್ಲಿಷೇ ಮಾತಾಡಿ, ಇಲ್ಲಾಂದ್ರೆ ಕನ್‌ಫ್ಯೂಸ್ ಆಗ್ತಾಳೆ ಅಂದ್ರು. ನನ್ನ ಅಮ್ಮನಿಗೆ ಇಂಗ್ಲಿಷ್ ಬರಲ್ಲ. – ಒಬ್ಬ ತಾಯಿ, ಪುಣೆ

ಉತ್ತರ: ಕನ್ನಡ ಬಿಡಬೇಡಿ. ಕೆನಡಾದಲ್ಲಿ ಎಲಿಜಬೆತ್ ಕೇ ರೇನಿಂಗ್ ಬರ್ಡ್ ಅನ್ನೋರ ತಂಡ 2005ರಲ್ಲಿ ಡೌನ್ ಸಿಂಡ್ರೋಮ್ ಇರೋ ಎರಡು ಭಾಷೆಯ ಮಕ್ಕಳನ್ನೂ ಒಂದೇ ಭಾಷೆಯ ಮಕ್ಕಳನ್ನೂ ಹೋಲಿಸಿ ನೋಡಿದ್ರು. ಎರಡನೇ ಭಾಷೆ ಇದ್ದಿದ್ದರಿಂದ ಇಂಗ್ಲಿಷ್ ಕೆಟ್ಟಿದ್ದು ಕಾಣಲಿಲ್ಲ. ಚಿಕ್ಕ ಅಧ್ಯಯನ ಅದು, ಆದ್ರೆ ಆಮೇಲೆ ಬಂದವೂ ಅದೇ ದಿಕ್ಕಲ್ಲಿವೆ. ಎರಡು ಭಾಷೆಗೂ ಸಮಯ ಸಿಗಬೇಕು ಅಷ್ಟೇ. ಭಾಷೆ ಕಲಿಯೋದು ಮನಸ್ಸು ಬಿಚ್ಚಿ ಮಾತಾಡೋರ ಹತ್ರ, ಬರದ ಇಂಗ್ಲಿಷಲ್ಲಿ ತಡವರಿಸೋ ಅಜ್ಜಿ ಹತ್ರ ಮಗು ಏನು ಕಲಿಯತ್ತೆ? ಅಜ್ಜಿ ಕನ್ನಡದಲ್ಲೇ ಹಾಡಲಿ, ಬೈಲಿ, ಕಥೆ ಹೇಳಲಿ. ಸ್ಕೂಲಲ್ಲಿ ಬೇಕಾಗೋ ವಾಟರ್, ಟಾಯ್ಲೆಟ್ ಥರದ ಪದಗಳನ್ನ ಅವರ ಜೊತೆ ಕೂತು ಪಟ್ಟಿ ಮಾಡಿ, ಎರಡೂ ಕಡೆ ಒಂದೇ ಸನ್ನೆ ಇಟ್ಕೊಳ್ಳಿ. ಬಾಯಲ್ಲಿ ಎರಡು ಪದ, ಕೈಯಲ್ಲಿ ಒಂದೇ. ಇದು ಬಹಳ ಚೆನ್ನಾಗಿ ಕೆಲಸ ಮಾಡತ್ತೆ.

ಪ್ರಶ್ನೆ: ಹಳ್ಳೀಲಿದೀವಿ, ಪ್ರೈವೇಟ್ ಥೆರಪಿಗೆ ದುಡ್ಡಿಲ್ಲ. ಎಲ್ಲಿ ಹೋಗೋದು? – ಇಬ್ಬರು ಇದೇ ಕೇಳಿದಾರೆ, ಯಾದಗಿರಿ ಮತ್ತೆ ಚಾಮರಾಜನಗರದಿಂದ

ಉತ್ತರ: ಜಿಲ್ಲಾ ಆಸ್ಪತ್ರೇಲಿ ಡಿಇಐಸಿ ಅಂತ, ಮಕ್ಕಳ ಬೆಳವಣಿಗೆ ತೊಂದ್ರೆಗಳನ್ನ ಬೇಗ ಗುರುತಿಸಿ ನೋಡ್ಕೊಳ್ಳೋ ಕೇಂದ್ರ ಇದ್ಯಾ ಕೇಳಿ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಅನ್ನೋ ಸರ್ಕಾರದ ಮಕ್ಕಳ ಆರೋಗ್ಯ ಯೋಜನೇಲಿ ಬರೋದು ಅದು, ಪರೀಕ್ಷೆ ಮಾಡಬೇಕಾದ ತೊಂದ್ರೆಗಳ ಪಟ್ಟೀಲಿ ಡೌನ್ ಸಿಂಡ್ರೋಮ್ ಹೆಸರು ಹಾಕಿಯೇ ಇದೆ, ನಿಮ್ಮ ಅಂಗನವಾಡಿಗೆ ಬರೋ ತಂಡದ ಡಾಕ್ಟರಿಗೆ ಹೇಳಿದ್ರೆ ಕಳಿಸಿಕೊಡಬೇಕು. ಚಾಮರಾಜನಗರದವರಿಗೆ ಮೈಸೂರು ಹತ್ರ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ, ಜನ ಆಯಿಷ್ ಅಂತಾರಲ್ಲ, 1965ರಿಂದ ಇರೋ ಕೇಂದ್ರ ಸರ್ಕಾರದ ಸಂಸ್ಥೆ, ಕಿವಿ ಪರೀಕ್ಷೆ ಮಾತಿನ ಪರೀಕ್ಷೆ ಎರಡೂ ಅಲ್ಲೇ ಆಗತ್ತೆ. ಮಗೂಗೆ ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ ಮಾಡಿಸಿ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಬಗ್ಗೇನೂ ವಿಚಾರಿಸಿ, ವರ್ಷಕ್ಕೆ 1 ಲಕ್ಷದ ತನಕ ಬರತ್ತೆ, ಥೆರಪಿ ಖರ್ಚಿಗೂ ಅದರಲ್ಲಿ ಜಾಗ ಇದೆ. ಥೆರಪಿ ಅಂದ್ರೆ ವಾರಕ್ಕೆ ಮುಕ್ಕಾಲು ಗಂಟೆ, ಉಳಿದಿದ್ದೆಲ್ಲಾ ನಿಮ್ಮ ಜೊತೆ. ಹೋದಾಗೆಲ್ಲ ‘ಮನೇಲಿ ಏನು ಮಾಡಿಸ್ಬೇಕು ತೋರಿಸಿ’ ಅಂತ ಕೇಳಿ ಫೋನಲ್ಲಿ ವಿಡಿಯೋ ಮಾಡ್ಕೊಂಡು ಬನ್ನಿ.

ಪ್ರಶ್ನೆ: ನಾನು ಪಿಯುಸಿ. ನನ್ನ ತಮ್ಮನಿಗೆ ಹದಿಮೂರು ವರ್ಷ, ಅವನಿಗೆ ಡೌನ್ ಸಿಂಡ್ರೋಮ್. ರೂಮಲ್ಲಿ ಒಬ್ಬನೇ ಇದ್ದಾಗ ಜೋರಾಗಿ ಮಾತಾಡ್ಕೊಳ್ತಾನೆ. ಸ್ಕೂಲಲ್ಲಿ ಆಗಿದ್ದು, ನಾನು ಬೈದಿದ್ದು ಎಲ್ಲಾ ಹೇಳ್ಕೊಳ್ತಾನೆ, ಎರಡು ಮೂರು ದನೀಲಿ. ಅಪ್ಪ ಬೈದು ನಿಲ್ಲಿಸ್ತಾರೆ, ನೆಂಟರ ಮುಂದೆ ನಾಚಿಕೆ ಅಂತ. ಅವನಿಗೆ ತಲೆ ಸರಿಯಿಲ್ವಾ? ಯಾರನ್ನೂ ಕೇಳೋಕೆ ಆಗ್ಲಿಲ್ಲ. – ಒಬ್ಬ ಅಕ್ಕ, ಶಿವಮೊಗ್ಗ

ಉತ್ತರ: ನೋಡು ಪುಟ್ಟಿ, ಕೇಳಿದ್ದು ಒಳ್ಳೇದಾಯ್ತು. ನಿನ್ನ ತಮ್ಮನ ತಲೆ ಸರಿಯಾಗಿದೆ. ಡೌನ್ ಸಿಂಡ್ರೋಮ್ ಇರೋ ಮಕ್ಕಳು, ದೊಡ್ಡವರು, ಬಹಳ ಜನ ಹೀಗೆ ಮಾತಾಡ್ಕೊಳ್ತಾರೆ. ಎಲ್ಲಾ ಮಕ್ಕಳೂ ಮೂರು ನಾಲ್ಕು ವರ್ಷದಲ್ಲಿ ಆಟ ಆಡ್ತಾ ಗಟ್ಟಿಯಾಗೇ ಹೇಳ್ಕೊಳ್ತಾರೆ, ಆಮೇಲೆ ಆ ಮಾತು ಒಳಗೆ ಹೋಗತ್ತೆ, ಇವರಿಗೆ ಅದು ಹೊರಗೇ ಜಾಸ್ತಿ ದಿನ ಉಳಿಯತ್ತೆ. ಮೇಲೆ ಟೀಚರಿಗೆ ‘ಅಂದ್ಕೊಳ್ಳೋದು’ ಬಗ್ಗೆ ಬರೆದಿದೀನಲ್ಲ, ಆ ಪದ ಬಿಡಿಸಿ ನೋಡು, ತನಗೆ ತಾನೇ ಅನ್ನೋದು ಅಂತಲೇ ಅಲ್ವಾ ಅದರ ಅರ್ಥ. ನಿನ್ನ ತಮ್ಮ ಅಂದ್ಕೊಳ್ತಿದಾನೆ, ನಮಗೂ ಕೇಳೋ ಹಾಗೆ. ಅವನು ಬೇರೆ ಬೇರೆ ದನೀಲಿ ಹೇಳ್ತಾನೆ ಅಂತ ಬರೆದಿದೀಯ, ಅಂದ್ರೆ ಟೀಚರ್ ಏನಂದ್ರು, ಅಕ್ಕ ಏನಂದ್ಲು, ನಾನೇನು ಅನ್ನಬೇಕಿತ್ತು, ಎಲ್ಲರ ಪಾತ್ರ ತಾನೇ ಆಡಿ ನೋಡ್ತಿದಾನೆ. ಸಂಜೆ ಮೂರು ಜನ ಸೇರಿ ಪಟಪಟ ಮಾತಾಡೋವಾಗ ಅವನಿಗೆ ಸಿಗದೇ ಹೋಗಿದ್ದು ರೂಮಲ್ಲಿ ಅವನದ್ದೇ ಸ್ಪೀಡಲ್ಲಿ ಸಿಗತ್ತೆ.

ಅಪ್ಪನಿಗೆ ಈ ಪುಟ ಓದೋಕೆ ಕೊಡು. ನಿಲ್ಲಿಸೋದು ಬೇಡ, ಜಾಗ ಕಲಿಸಿದ್ರೆ ಸಾಕು, ರೂಮಲ್ಲಿ ಆಗ್ಬಹುದು, ಬಸ್ಸಲ್ಲಿ ಬೇಡ ಅಂತ. ಹದಿಮೂರು ವರ್ಷಕ್ಕೆ ಅದು ಅರ್ಥ ಆಗತ್ತೆ. ಇದ್ದಕ್ಕಿದ್ದ ಹಾಗೆ ಮಾತಾಡ್ಕೊಳ್ಳೋದು ತುಂಬಾ ಜಾಸ್ತಿ ಆದ್ರೆ, ಬರೀ ಸಿಟ್ಟು ಹೆದರಿಕೆ ಮಾತೇ ಆದ್ರೆ, ಊಟ ನಿದ್ದೆ ಕೆಟ್ರೆ, ಜನರ ಜೊತೆ ಬೆರೆಯೋದು ಬಿಟ್ರೆ ಆವಾಗ ಡಾಕ್ಟರಿಗೆ ತೋರಿಸ್ಬೇಕು, ಥೈರಾಯ್ಡೂ ನೋಡಿಸ್ಬೇಕು, ಮನಸ್ಸಿಗೋ ಮೈಗೋ ಏನೋ ಆಗಿರಬಹುದು ಅಂತ ಅರ್ಥ.

ಮತ್ತೆ ನೀನು ಬೈದಿದ್ದನ್ನೂ ಹೇಳ್ಕೊಳ್ತಾನೆ ಅಂತ ಬರೆದು ಆ ಸಾಲು ಹೊಡೆದುಹಾಕಿ ಮತ್ತೆ ಬರೆದಿದೀಯ, ಕಂಡಿತು. ಬೇಜಾರು ಮಾಡ್ಕೋಬೇಡ, ಅಕ್ಕಂದಿರು ಬೈತಾರೆ. ಒಂದು ದಿನ ಅವನು ರೂಮಲ್ಲಿ ಶುರು ಮಾಡಿದಾಗ ಬಾಗಿಲು ತಟ್ಟಿ ಕೇಳಿ ಒಳಗೆ ಹೋಗು, ಅವನು ಹೂಂ ಅಂದ್ರೆ ಪಕ್ಕದಲ್ಲಿ ಕೂತ್ಕೊಂಡು ನಿನ್ನ ಪಾತ್ರ ನೀನೇ ಆಡು. ಏನಾಯ್ತು ಅಂತ ನನಗೆ ಬರಿ.